ತಲೆ ಮುರಿದರೆ ಬಿಸಿಲು

ಇವತ್ತು ಬೆಳಿಗ್ಗೆ ಮಗಳು ಶಾಲೆಗೆಂದು ರಟ್ಟಿನ ಸೇತುವೆ ಅಂಟಿಸುತ್ತಿದ್ದಳು. ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನೋರಾ ನೆನಪಾದರು. ಐದು ವರ್ಷದ ಹಿಂದೆ, ನೆದರ್ಲೆಂಡ್ಸಿನ ಆಲ್ಮೆರೆ ಊರಿನ ಇದೇ ಬೀದಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು. ಐರ್ಲೆಂಡಿನವರು, ನಿವೃತ್ತ ನರ್ಸ್.

ಮಳೆ ಬರುತ್ತದೆಯೇ ಎಂದು ನಾನು ಫೋನ್ ನೋಡುತ್ತಿದ್ದೆ, ಅವರು ಬೆಕ್ಕನ್ನು ನೋಡುತ್ತಿದ್ದರು. ಬೆಕ್ಕು ಬೆಂಕಿಗೆ ಬೆನ್ನು ಹಾಕಿ ಕೂತರೆ ಬಿರುಗಾಳಿ, ಹಕ್ಕಿಗಳು ನೆಲ ಸವರುವಂತೆ ಹಾರಿದರೆ ಮಳೆ. ಆಫೀಸಿನಲ್ಲಿ ಎಲ್ಲದಕ್ಕೂ ಪುರಾವೆ ಕೇಳುವ ನಾನು ಇದಕ್ಕೂ ಕೇಳಿದೆ. "ಮೊದಲು ಒಣಹಾಕಿದ ಬಟ್ಟೆ ಒಳಗೆ ತಾ, ಪುರಾವೆ ಆಮೇಲೆ ಹುಡುಕು" ಎಂದರು. ಎಷ್ಟು ಸಲ ನನ್ನ ಬಟ್ಟೆ ಮಾತ್ರ ನೆನೆಯಿತೆಂದು ಕೇಳಬೇಡಿ.

ಅರವತ್ತಾರನೆಯ ವಯಸ್ಸಿನಲ್ಲಿ ನೋರಾ, ಹೆಂಕ್ ಎಂಬ ಡಚ್ಚರೊಬ್ಬರನ್ನು ಮದುವೆಯಾಗಲು ಹೊರಟರು. ಮದುವೆ ಅವರ ಹಿತ್ತಲಿನಲ್ಲೇ. ವಾರವಿಡೀ ಮಳೆ. ಹಿಂದಿನ ಸಂಜೆ ಅವರು ಬಾಲಯೇಸುವಿನ ಪುಟ್ಟ ಪ್ರತಿಮೆಯೊಂದನ್ನು ನನ್ನ ಕೈಗಿತ್ತರು. ಅದನ್ನು ಬೇಲಿಯ ಬುಡದಲ್ಲಿ ಇಟ್ಟರೆ ಮದುವೆಗೆ ಬಿಸಿಲು ಬರುತ್ತದಂತೆ.

"ಹುಷಾರು, ನನ್ನಮ್ಮನದು."

ಒದ್ದೆ ಕಲ್ಲಿನ ಮೇಲೆ ಕಾಲು ಜಾರಿತು. ನಾನು ಬೀಳಲಿಲ್ಲ, ಪ್ರತಿಮೆ ಬಿತ್ತು. ತಲೆ ಉರುಳಿ ಗಿಡದ ಕೆಳಗೆ ಹೋಯಿತು.

ಭಿನ್ನವಾದ ಮೂರ್ತಿ ಅಪಶಕುನವೆಂದು ಕೇಳಿ ಬೆಳೆದವಳು ನಾನು. ಅದೂ ಮದುವೆಯ ಮನೆಯಲ್ಲಿ! ಅಳು ಬಂತು. ನೋರಾ ಮಾತ್ರ ಚಪ್ಪಾಳೆ ತಟ್ಟಿದರು. "ಒಳ್ಳೆಯದೇ ಆಯಿತು! ತಲೆ ತಾನಾಗಿ ಮುರಿದರೆ ಇನ್ನೂ ಖಚಿತ. ಬೇಕೆಂದೇ ಮುರಿದರೆ ಮಾತ್ರ ಫಲವಿಲ್ಲ."

ಮನೆಗೆ ಬಂದು ಹೇಳಿದರೆ ನನ್ನ ಗಂಡ, "ಸುಮ್ನೆ ನಿನ್ ಸಮಾಧಾನಕ್ಕೆ ಹೇಳಿದಾರೆ ಕಣೇ. ಹೋಗಿ ಇನ್ನೊಂದ್ಸಲ ಸಾರಿ ಕೇಳು" ಎಂದ.

ಮರುದಿನ ಹತ್ತರವರೆಗೆ ಜಿನುಗಿತು. ಹೆಂಕ್ ಉಂಗುರ ತೊಡಿಸುವ ಹೊತ್ತಿಗೆ ಕಣ್ಣು ಕುಕ್ಕುವ ಬಿಸಿಲು. ಅದರ ಮರುದಿನ ನೋರಾ ಅಡುಗೆಮನೆಯ ಮೇಜಿನ ಮೇಲೆ ತಲೆಯನ್ನು ಅಂಟಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಆದರೂ ಕೇಳಲಾಗಲಿಲ್ಲ: ಆ ನಂಬಿಕೆ ನಿಜವಾಗಿ ಇದೆಯೇ, ಇಲ್ಲ ನನ್ನ ಮುಖ ನೋಡಿ ಕಟ್ಟಿದ್ದೇ? ಸ್ವಲ್ಪ ದಿನಕ್ಕೆ ಇಬ್ಬರೂ ಐರ್ಲೆಂಡಿಗೆ ಹೋಗಿ ನೆಲೆಸಿದರು. ಪ್ರಶ್ನೆ ನನ್ನಲ್ಲೇ ಉಳಿಯಿತು.

ಮಗಳನ್ನು ಶಾಲೆಗೆ ಬಿಟ್ಟು ಬಂದು ಇವತ್ತು ಫೋನ್ ಮಾಡಿ ಕೇಳಿಯೇಬಿಟ್ಟೆ. ನೋರಾ ಬಹಳ ಹೊತ್ತು ನಕ್ಕರು.

"ನಮ್ಮೂರಲ್ಲಿ ಯಾರನ್ನಾದರೂ ಕೇಳು, ಎಲ್ಲರಿಗೂ ಗೊತ್ತು. ಅದರ ಕುತ್ತಿಗೆಯಲ್ಲಿ ಹಳೇ ಅಂಟು ಇತ್ತಲ್ಲ, ನೀನು ನೋಡಲಿಲ್ಲವೇ? ನಮ್ಮ ಮನೆಯಲ್ಲಿ ಅದನ್ನು ಬೀಳಿಸಿದವರಲ್ಲಿ ನೀನು ನಾಲ್ಕನೆಯವಳು."

ಐದು ವರ್ಷದಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದದ್ದು ಸಡಿಲವಾಯಿತು. ಆಫೀಸಿಗೆ ಹೊರಡುವ ಹೊತ್ತಾಗಿತ್ತು. ಒಂದು ರೈಲು ಹೋದರೆ ಹೋಗಲಿ ಎಂದು ಕುರ್ಚಿ ಎಳೆದುಕೊಂಡು ಕೂತೆ.

"ಮೊದಲು ಬೀಳಿಸಿದವರು ಯಾರು? ಅಲ್ಲಿಂದಲೇ ಹೇಳಿ" ಎಂದೆ.