ಕರುಳಿನ ತಂತಿ

ಆ ದಿನಗಳೇ ಚೆನ್ನಾಗಿದ್ದವು ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೂಡುಬಿದಿರೆಯ ನಮ್ಮ ಜೈನರ ಮನೆಯಲ್ಲಿ ಆಗ ದೊಡ್ಡಪ್ಪ ಹೇಳಿದ್ದೇ ಕಾನೂನು. ಹೊತ್ತು ಮುಳುಗುವ ಮೊದಲು ಊಟ, ನೀರುಳ್ಳಿಯ ವಾಸನೆಯೂ ಒಳಗೆ ಬರುವಂತಿಲ್ಲ, ಹುಡುಗಿಯರು ಜೋರಾಗಿ ನಗುವಂತಿಲ್ಲ.

ಮೆಲ್ಕಾರಿನ ಒಂದು ಮದುವೆಯಲ್ಲಿ ಬ್ಯಾಂಡಿನ ಮುದುಕರೊಬ್ಬರು ಆಳೆತ್ತರದ ಡಬಲ್ ಬೇಸ್ ನಿಲ್ಲಿಸಿಕೊಂಡು ನುಡಿಸುತ್ತಿದ್ದರು. ಪಿಟೀಲಿನದೇ ಆಕಾರ, ಆದರೆ ಸ್ವರ ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತಿತ್ತು. ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದು ಹೋಗಿ ಅದರ ಬೆನ್ನಿಗೆ ಅಂಗೈ ಇಟ್ಟಿದ್ದೆ. ಆಮೇಲೆ ಎರಡು ವರ್ಷ ಅಪ್ಪನ ಜೀವ ತಿಂದೆ. ಬೆರಳು ಸೋತ ಮುದುಕರು ಅದನ್ನು ಮಾರುತ್ತಾರೆಂದು ಗೊತ್ತಾದಾಗ ಅಪ್ಪ ಒಪ್ಪಿದರು. ನನಗಾಗ ಹದಿಮೂರು.

ತರಲು ಹೋದ ದಿನ ಅಪ್ಪ ಹೊರಗೆ ಅದನ್ನು ಪಿಕಪ್‌ಗೆ ಕಟ್ಟಲು ಹಗ್ಗ ಹುಡುಕುತ್ತಿದ್ದಾಗ ಮುದುಕರು ನನಗೆ ಹೇಳಿದರು: "ಒದ್ದೆ ಮಾಡ್ಬೇಡ ಮಗಾ. ಕುರಿಯ ಕರುಳಿನ ತಂತಿ. ಈಗ ಎಲ್ಲರೂ ಸ್ಟೀಲ್ ಹಾಕ್ತಾರೆ. ಈ ಸ್ವರ ಅದರಲ್ಲಿ ಇಲ್ಲ."

ಅದನ್ನು ತಂದು ಇಳಿಸಿದಾಗ ನಮ್ಮ ಮನೆಯಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಪೇಟೆಯಿಂದ ಬಂದ ದೊಡ್ಡಪ್ಪ ಪ್ಯಾಂಟಿನಲ್ಲೇ ಜಗಲಿಯಲ್ಲಿ ಕುಳಿತು ಅಡಕತ್ತರಿಯಿಂದ ಅಡಕೆ ಕತ್ತರಿಸುತ್ತಿದ್ದರು. ಎದ್ದು ಬಂದು ತಂತಿ ಮುಟ್ಟಿದರು.

"ಎಂಥದ್ರದ್ದು ಇದು? ನೂಲಾ?"

"ಅಲ್ಲ ದೊಡ್ಡಪ್ಪ, ಕುರಿಯ ಕರುಳು!" ಎಂದೆ, ದೊಡ್ಡ ತಿಳಿವಳಿಕೆಯವಳ ಹಾಗೆ. ಬಾಯಿ ಮುಚ್ಚಿಕೊಂಡಿರಬಾರದಿತ್ತೇ!

ಕೈಯಲ್ಲಿದ್ದ ಅಡಕತ್ತರಿಯಿಂದಲೇ ನಾಲ್ಕೂ ತಂತಿ ಕತ್ತರಿಸಿಬಿಟ್ಟರು. ನಾನಿನ್ನೂ ಒಮ್ಮೆಯೂ ಮೀಟಿರಲಿಲ್ಲ. ಕೊನೆಯದು ಸಿಡಿದು ಅವರ ಮೊಣಕೈಗೆ ಬಡಿಯಿತು. ನನಗೆ ಖುಷಿಯಾಯಿತು.

"ಬಸದಿಗೆ ಹೋಗುವವರ ಮನೆ ಇದು. ಹೆಣದ ಕರುಳು ಇಲ್ಲಿ ಬೇಡ."

"ಹಾಗಾದ್ರೆ ನಿಮ್ಮ ಬೆಲ್ಟು ಎಂಥದ್ರದ್ದು? ಬಾಳೆನಾರಿನದ್ದಾ?"

ಕೆನ್ನೆಗೆ ಬಿತ್ತು. ಅಪ್ಪ ಹಪ್ಪಳ ನೋಡುತ್ತಾ ನಿಂತಿದ್ದರು. ಅದನ್ನೂ ನಾನು ಮರೆತಿಲ್ಲ.

ಮುಂದಿನ ವಾರ ಅಪ್ಪ ಸ್ಟೀಲ್ ತಂತಿ ಹಾಕಿಸಿ ಕೊಟ್ಟರು. ಕಲಿತೆ, ಇವತ್ತಿಗೂ ನುಡಿಸುತ್ತೇನೆ. ಮದುವೆಯಲ್ಲಿ ಕೇಳಿದ ಸ್ವರ ಮಾತ್ರ ಅದರಿಂದ ಒಂದು ದಿನವೂ ಹೊರಡಲಿಲ್ಲ.

ದೊಡ್ಡಪ್ಪ ಮರುದಿನದಿಂದ ಬೆಲ್ಟು ಕಟ್ಟಲಿಲ್ಲ. ಚರ್ಮದ ಚಪ್ಪಲಿ, ಪರ್ಸು ಎಲ್ಲ ಬಿಟ್ಟರು. ಮದುವೆಮನೆಗಳಲ್ಲಿ ಪ್ಯಾಂಟಿಗೆ ಹತ್ತಿಯ ದಾರ ಬಿಗಿದುಕೊಂಡು ಬರುತ್ತಿದ್ದರು. ಜನ ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಯಾಕೆಂದು ಅವರು ಯಾರಿಗೂ ಹೇಳಲಿಲ್ಲ. ನನ್ನ ಹತ್ತಿರ ಮತ್ತೆ ಮಾತೂ ಆಡಲಿಲ್ಲ. ನಾನೇನು ಕಡಿಮೆಯೇ, ನಾನೂ ಆಡಲಿಲ್ಲ.

ಈಗ ಅವರಿಲ್ಲ. ಕರುಳಿನ ತಂತಿ ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮನೆಬಾಗಿಲಿಗೇ ಬರುತ್ತದೆ. ಅದು ಎಂಥದ್ರದ್ದು ಎಂದು ಕೇಳುವವರು ಈ ಮನೆಯಲ್ಲಿ ಒಬ್ಬರೂ ಉಳಿದಿಲ್ಲ. ಎಷ್ಟೋ ಸಲ ಆರ್ಡರ್ ಮಾಡಲು ಕುಳಿತಿದ್ದೇನೆ. ಪ್ರತಿ ಸಲವೂ ಆ ದಾರ ಕಟ್ಟಿದ ಸೊಂಟ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಸತ್ತ ಮೇಲೂ ಬಿಡುವುದಿಲ್ಲ, ಹಾಳಾದ ಮನುಷ್ಯ, ಎಂದು ಬೈಯುತ್ತಾ ಮೊಬೈಲು ಕೆಳಗಿಡುತ್ತೇನೆ.