ಏಳು ಇಪ್ಪತ್ತರ ಬಸ್ಸಿಗಾಗಿ ಮೂರು ಪತ್ರ

ಸಂಪಾದಕರಿಗೆ ನಾನು ಬರೆದ ಪತ್ರಗಳು ಮೂರು, ಅಚ್ಚಾದದ್ದು ಒಂದು. ಮೂರರ ವಿಷಯವೂ ಸಂಜೆ ಏಳು ಇಪ್ಪತ್ತಕ್ಕೆ ಬಿಜೈಗೆ ಬಂದು ಕಾವೂರಿಗೆ ಹೋಗಬೇಕಾದ ಸಿಟಿ ಬಸ್ಸು. ಬಿಜೈಯ ಟೈಲರ್ ಅಂಗಡಿಯಲ್ಲಿ ದಿನವಿಡೀ ಹೊಲಿಯುವ ಅಮ್ಮ ಮನೆಗೆ ಬರುವುದು ಅದರಲ್ಲೇ. ಬಸ್ಸಿನವರು ಟ್ರಿಪ್ ಕಟ್ ಮಾಡಿದ ದಿನ, ಮೊಣಕಾಲು ನೋವಿನಲ್ಲೇ ಅವಳು ಮುಂದಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ನಿಲ್ಲಬೇಕು.

ಮೊದಲ ಪತ್ರ ಎರಡು ಪುಟವಾಯಿತು. ರಸ್ತೆಯ ಹೊಂಡ, ಫುಟ್‌ಪಾತ್, ಟ್ರಾಫಿಕ್ ಎಲ್ಲ ಅದರಲ್ಲಿತ್ತು. ಬಸ್ಸಿನ ಸಮಯ ಮಾತ್ರ ಇರಲಿಲ್ಲ. ಹದಿನೈದು ದಿನ ಪತ್ರಿಕೆ ತಿರುವಿ ನೋಡಿದೆ. ಬರಲಿಲ್ಲ.

ಎರಡನೆಯದನ್ನು ಸಿಟ್ಟಿನಲ್ಲಿ ಬರೆದು, 'ಕಂಡಕ್ಟರುಗಳ ದರ್ಪ' ಎಂದು ತಲೆಬರಹ ಕೊಟ್ಟು, ಅಮ್ಮನಿಗೆ ಓದಿ ಹೇಳಿದೆ.

"ಇದನ್ನು ಕಳಿಸ್ಬೇಡ," ಎಂದಳು. "ಆ ಕಂಡಕ್ಟರ್ ಎಂತ ಮಾಡಿದ್ದಾನೆ? ನನ್ನ ಕಾಲು ನೋಡಿ ನಮ್ಮ ಓಣಿಯ ಹತ್ತಿರವೇ ನಿಲ್ಲಿಸ್ತಾನೆ. ಟ್ರಿಪ್ ಕಟ್ ಮಾಡ್ಲಿಕ್ಕೆ ಹೇಳುವುದು ಬಸ್ಸಿನ ಧಣಿ. ಪೇಪರಿನಲ್ಲಿ ನಿನ್ನ ಹೆಸರು, ಕಾವೂರು ಅಂತ ಬಂದ್ರೆ ನಾನು ನಾಳೆ ಆ ಬಸ್ಸು ಹತ್ತುವುದು ಹೇಗೆ ಮಾರಾಯ್ತಿ?"

"ಹಾಗಾದ್ರೆ ಬಸ್ಸು ಬರದಿದ್ರೂ ಅಡ್ಡಿಯಿಲ್ವಾ?"

"ಬಸ್ಸು ಬೇಕು. ಜಗಳ ಬೇಡ. ಆ ಪುಸ್ತಕದಲ್ಲಿ ದಿನಾ ಎಂತದೋ ಗೀಚ್ತೀಯಲ್ಲ, ಅದನ್ನೇ ಕಳಿಸು."

ಅಮ್ಮ ಸ್ಟಾಪಿನಿಂದ ದಿನವೂ 'ಬಂತು' ಅಥವಾ 'ಇಲ್ಲ' ಎಂದು ಮೆಸೇಜ್ ಮಾಡುತ್ತಿದ್ದಳು. ಅದನ್ನು ನೋಡಿ ನಾನು ಸಾರು ಬಿಸಿಗಿಡುತ್ತಿದ್ದೆ. ಡೈರಿಯಲ್ಲಿ ದಿನಾಂಕದ ಮುಂದೆ ಬರೆದೂ ಇಡುತ್ತಿದ್ದೆ. ಅಂದು ಕೂತು ಎಣಿಸಿದೆ. ಇಪ್ಪತ್ತನಾಲ್ಕು ದಿನಗಳಲ್ಲಿ ಹನ್ನೊಂದು 'ಇಲ್ಲ'. ನಾಲ್ಕೂ ಶನಿವಾರ 'ಇಲ್ಲ'.

ಮೂರನೆಯ ಪತ್ರ ಎಂಟೇ ಸಾಲು. ಯಾವ ಮಾರ್ಗ, ಯಾವ ಸಮಯ, ಈ ಲೆಕ್ಕ, ಕೊನೆಗೆ ಒಂದೇ ಬೇಡಿಕೆ: ಪರ್ಮಿಟ್‌ನಲ್ಲಿರುವ ಟ್ರಿಪ್ಪನ್ನು ತಪ್ಪದೆ ಓಡಿಸುವಂತೆ ಸಾರಿಗೆ ಅಧಿಕಾರಿಗಳು ಮಾಲೀಕರಿಗೆ ಹೇಳಬೇಕು. ಕಂಡಕ್ಟರನ ಸುದ್ದಿಯೇ ಎತ್ತಲಿಲ್ಲ. ಆರನೆಯ ದಿನ ಅಚ್ಚಾಯಿತು. 'ಆಡಳಿತ ಇನ್ನಾದರೂ ಎಚ್ಚೆತ್ತುಕೊಳ್ಳಲಿ' ಎಂಬ ನನ್ನ ಮೆಚ್ಚಿನ ಕೊನೆಯ ಸಾಲನ್ನು ಸಂಪಾದಕರು ತೆಗೆದಿದ್ದರು. ಓದಿ ನೋಡಿದೆ, ಅದು ಬೇಕಾಗಿಯೂ ಇರಲಿಲ್ಲ.

ಮುಂದಿನ ಶನಿವಾರ 'ಬಂತು' ಎಂದು ಮೆಸೇಜ್ ಬಂತು. ಮನೆಗೆ ಬಂದ ಅಮ್ಮ ಚೀಲ ಕೆಳಗಿಡುವ ಮೊದಲೇ ಶುರು ಮಾಡಿದಳು.

"ಕಂಡಕ್ಟರ್ ಹೇಳ್ತಾನೆ, 'ಅಕ್ಕಾ, ನಮ್ಮ ಬಸ್ಸು ಪೇಪರಿನಲ್ಲಿ ಉಂಟು. ಧಣಿಗೆ ಸಾರಿಗೆ ಆಫೀಸಿನಿಂದ ಫೋನ್ ಬಂತಂತೆ. ಒಂದು ಶನಿವಾರವೂ ಬಿಡದೆ ಲೆಕ್ಕ ಇಟ್ಟಿದ್ದಾರೆ, ಯಾರಪ್ಪ ಅದು!'"

"ನೀನೆಂತ ಹೇಳಿದೆ?"

"ನನ್ನ ಮಗಳು ಅಂತ ಹೇಳಿದೆ," ಎಂದಳು. "ಓಣಿಯ ಹತ್ತಿರವೇ ನಿಲ್ಲಿಸಿದ."