ಎರಡು ಕಾರ್ಡಿನ ಮನೆ

ಕಡೂರಿನಲ್ಲಿ ಅನಂತಪದ್ಮನಾಭನ ಮೋಟಾರು ವೈಂಡಿಂಗ್ ಅಂಗಡಿ ಯಾವುದೆಂದು ಕೇಳಿದರೆ ಜನ ಕೈ ತೋರಿಸುವ ಮೊದಲು ಸಣ್ಣಗೆ ನಗುತ್ತಾರೆ. ಕೆಟ್ಟ ನಗುವೇನಲ್ಲ. ಆಸಾಮಿ ಕೆಲಸದಲ್ಲಿ ಗಟ್ಟಿ, ಆದರೆ ಕನಸುಗಾರ. ತಾಮ್ರದ ತಂತಿ ಸುತ್ತುತ್ತ ಸುತ್ತುತ್ತ ಎಲ್ಲೋ ಹೋಗಿಬಿಡುತ್ತಾನೆ. ಗಿರಾಕಿ ಎದುರಿಗೆ ನಿಂತು ಒಂದೆರಡು ಸಲ ಕೆಮ್ಮಿದರೆ "ಹಾಂ, ಬಂದೆ ಬಂದೆ" ಎಂದು ಅಲ್ಲಿಂದ ವಾಪಸು ಬರುತ್ತಾನೆ. ಐವತ್ತು ದಾಟಿದರೂ ಈ ಚಾಳಿ ಬಿಟ್ಟಿಲ್ಲ ಮಹಾರಾಯ.

ಬಸವರಾಜ ಅವನ ಬದುಕಿಗೆ ಬಂದದ್ದೂ ಅಂಥದೊಂದು ಮಂಪರಿನ ಮಧ್ಯಾಹ್ನವೇ. ಅಜ್ಜಂಪುರದ ಕಡೆ ಈರುಳ್ಳಿ ಬೆಳೆಯುವವನು, ಸುಟ್ಟುಹೋದ ಪಂಪಿನ ಮೋಟಾರು ಹೊತ್ತು ತಂದಿದ್ದ. ಇಟ್ಟು ಹೋಗಿ, ನಾಳೆ ಬನ್ನಿ ಎಂದರೆ ಕೇಳಲಿಲ್ಲ. ಸ್ಟೂಲಿನ ಮೇಲೆ ಕೂತು ಸಂಜೆಯವರೆಗೂ ತಂತಿ ಸುತ್ತುವ ಕೈಯನ್ನೇ ನೋಡಿದ. ಮುಂದಿನ ವಾರ ಇನ್ನೊಂದು ಮೋಟಾರು ತಂದ. ಪದ್ಮನಾಭ ಬಿಚ್ಚಿ ನೋಡುತ್ತಾನೆ, ಏನೂ ಆಗಿಲ್ಲ!

"ಇದು ಓಡ್ತಾ ಇರೋ ಮೋಟಾರಲ್ವೇನ್ರೀ?"

"ಹೂಂ ಕಣ್ರೀ," ಎಂದ ಬಸವರಾಜ, ನೆಲ ನೋಡುತ್ತ. "ಬರಾಕೆ ಒಂದು ನೆಪ ಬೇಕಿತ್ತು."

ಹೊಲದ ನೀರು ನಿಲ್ಲಿಸಿ ಮೋಟಾರು ಬಿಚ್ಚಿಕೊಂಡು ಬಂದ ಆ ಹುಚ್ಚನನ್ನು ನೋಡಿ ಪದ್ಮನಾಭನಿಗೆ ನಗು ಬಂತು, ಆಮೇಲೆ ಇಬ್ಬರಿಗೂ ಕಾಫಿ ತರಿಸಿದ. ತನ್ನಂಥವನು ಈ ಸೀಮೆಯಲ್ಲಿ ತಾನೊಬ್ಬನೇ ಎಂದುಕೊಂಡು ಅಷ್ಟು ವರ್ಷ ಕಳೆದಿದ್ದ ಪಾಪ.

ಇದಾಗಿ ಇಪ್ಪತ್ತು ವರ್ಷದ ಮೇಲಾಯಿತು. ರೈಲು ಹಳಿಯ ಆಚೆಗೊಂದು ಪುಟ್ಟ ಮನೆ, ಅದರಲ್ಲಿ ಇಬ್ಬರ ಸಂಸಾರ. ಹೌದು, ಸಂಸಾರವೇ, ಬೇರೆ ಮಾತು ನನಗೆ ಸಿಗುತ್ತಿಲ್ಲ. ಬಸವರಾಜ ಬೆಳಿಗ್ಗೆ ಹೊಲಕ್ಕೆ ಹೋಗಿ ಸಂಜೆಯ ರೈಲಿಗೆ ಬರುತ್ತಾನೆ. ಪದ್ಮನಾಭ ಸಾರಿಗೆ ಒಗ್ಗರಣೆ ಹಾಕಿ ಕಾಯುತ್ತಾನೆ. ವರ್ಷಕ್ಕೊಮ್ಮೆ ಕೆಮ್ಮಣ್ಣುಗುಂಡಿಗೆ ಹೋಗುತ್ತಾರೆ. ಅಲ್ಲಿ ಮಂಜು ಇಳಿದು ಪಕ್ಕದವರ ಮುಖವೂ ಕಾಣದ ಹಾಗೆ ಆದಾಗ ಇಬ್ಬರೂ ಕೈ ಹಿಡಿದುಕೊಂಡು ನಡೆಯುತ್ತಾರೆ. ಮಂಜು ತೆಳುವಾಗಿ ಜನರ ಸ್ವೆಟರಿನ ಬಣ್ಣ ಕಾಣತೊಡಗಿದರೆ ಕೈ ಬಿಡುತ್ತಾರೆ. ಆ ಹತ್ತಿಪ್ಪತ್ತು ನಿಮಿಷವನ್ನು ನೆನೆದುಕೊಂಡೇ ಪದ್ಮನಾಭ ವರ್ಷವಿಡೀ ತಂತಿ ಸುತ್ತುತ್ತಾನೆ.

ಕೆಲವು ವರ್ಷಗಳ ಹಿಂದೆ ದಿಲ್ಲಿಯ ದೊಡ್ಡ ಕೋರ್ಟು ಇಂಥ ಪ್ರೀತಿ ಅಪರಾಧವಲ್ಲ ಎಂದಿತು. ಟೀವಿ ನೋಡುತ್ತಿದ್ದ ಬಸವರಾಜ, "ಅಲ್ಲ ಕಣೋ ಪದ್ದು, ಹಂಗಾದ್ರೆ ನಿನ್ನೆ ತಂಕ ನಾವು ಕಳ್ಳರಾಗಿದ್ವಾ?" ಎಂದು ಕೇಳಿದ್ದ. ಆಮೇಲೊಂದು ವರ್ಷ ಅದೇ ಕೋರ್ಟು, ಮದುವೆಯ ಹಕ್ಕು ಕೊಡುವುದು ನಮ್ಮ ಕೈಲಿಲ್ಲ ಎಂದಿತು. ಆ ದಿನ ಬಸವರಾಜ ಸುದ್ದಿ ಮುಗಿಯುವ ಮೊದಲೇ ಎದ್ದ. ಟೀವಿ ಆರಿಸಿ ಹಾಸಿಗೆ ಹಾಸಿದ.

ಊರೇನು ಅವರನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ಸುಳ್ಳೇಕೆ ಹೇಳಲಿ, ಮರ್ಯಾದೆಯಿಂದಲೇ ನೋಡಿಕೊಂಡಿತು. 'ಸ್ನೇಹಿತರು' ಎಂದಿತು, 'ಜೊತೆಲಿರೋರು' ಎಂದಿತು. ಮದುವೆ, ಮುಂಜಿ, ಗೃಹಪ್ರವೇಶಕ್ಕೆ ಕರೆಯಲು ಬಂದವರು ಒಂದೇ ಸೋಫಾದ ಮೇಲೆ ಕೂತ ಇಬ್ಬರಿಗೂ ಬೇರೆ ಬೇರೆ ಕಾರ್ಡು ಕೊಡುತ್ತಿದ್ದರು, ಮನೆ ಓನರಿಗೊಂದು, ಬಾಡಿಗೆಯವನಿಗೊಂದು ಎಂಬಂತೆ. "ಲೇ, ನಮ್ಮನೆ ರದ್ದಿ ಬೇರೇರ ಮನೆಗಿಂತ ಡಬಲ್ ಕಣೋ" ಎಂದು ಬಸವರಾಜ ನಗುತ್ತಿದ್ದ. ಪದ್ಮನಾಭನಿಗೆ ಬೇಜಾರಿರಲಿಲ್ಲ. ತನ್ನ ಹೆಸರಿಗೊಂದು ಕಾರ್ಡು ಬರುತ್ತದಲ್ಲ, ಅಷ್ಟು ಸಾಕು ಎನ್ನುತ್ತಿದ್ದ.

ಆ ಮನೆಗೆ ಕಾಲಿಡದೆ ಉಳಿದವಳು ಒಬ್ಬಳೇ, ಬಸವರಾಜನ ಅಕ್ಕ ಕಮಲಾಕ್ಷಮ್ಮ. ಮದುವೆ ಒಲ್ಲೆ ಎಂದು ತಮ್ಮ ಹೇಳಿದ ದಿನವೇ ಈ ಮನೆಯ ಹೊಸಿಲು ತುಳಿಯುವುದಿಲ್ಲ ಎಂದಿದ್ದಳು. ಆದರೆ ಅವಳ ಮಗಳು ನಿಶ್ಚಿತಾಗೆ ಅದೆಲ್ಲ ಎಲ್ಲಿ ಕೇಳಬೇಕು! ಕಡೂರಿನಲ್ಲಿ ಕಾಲೇಜು ಓದುವಷ್ಟು ಕಾಲವೂ ಮಧ್ಯಾಹ್ನದ ಊಟಕ್ಕೆ ಸೀದಾ ಇಲ್ಲಿಗೇ ಬಂದಳು. 'ಪದ್ದು ಮಾಮ' ಎನ್ನುತ್ತ ಅವನ ಅಂಗಡಿಯಲ್ಲೇ ಕೂತು ಪರೀಕ್ಷೆಗೆ ಓದಿದಳು. ಮಕ್ಕಳ ಆಸೆ ಯಾರಿಗೂ ಹೇಳಿಕೊಳ್ಳದ ಪದ್ಮನಾಭ ಅವಳನ್ನು ಮಗಳೆಂದೇ ತಿಳಿದ.

ಈ ವರ್ಷ ಅವಳಿಗೆ ಗಂಡು ಗೊತ್ತಾಯಿತು. ಅಂದಿನಿಂದ ಪದ್ಮನಾಭನ ಕನಸಿಗೆ ಬೇರೆ ಊರೇ ಬೇಕಾಗಲಿಲ್ಲ. ಬಸವರಾಜ ಸೋದರಮಾವ, ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವವನು. ಹಿಂದೆ ತಾನು, ಅವಳ ಸೆರಗು ಕಾಲಿಗೆ ಸಿಗದ ಹಾಗೆ ಎತ್ತಿ ಹಿಡಿದು. ಓಲಗ, ಅಕ್ಷತೆ, ಮಲ್ಲಿಗೆಯ ಘಮ. ಗಿರಾಕಿಗಳು ಈಗ ಎಷ್ಟು ಕೆಮ್ಮಿದರೂ ಸಾಲದಾಯಿತು.

ಒಂದು ಭಾನುವಾರ ಬಸವರಾಜ ಹೊಲದಲ್ಲಿದ್ದಾಗ ಬಾಗಿಲಲ್ಲಿ ಕಮಲಾಕ್ಷಮ್ಮ! ಪದ್ಮನಾಭ ಅಡುಗೆಮನೆಗೆ ಓಡಿದ. ಕಾಫಿಗೆ ಸಕ್ಕರೆ ಹಾಕಿದನೋ ಇಲ್ಲವೋ ಅದೂ ನೆನಪಿಲ್ಲ. ಅವಳು ಸುತ್ತ ಕಣ್ಣಾಡಿಸಿದಳು. ಅಡುಗೆಮನೆ ನೋಡಿದಳು, ಗೋಡೆಯ ಮೇಲಿನ ಜೋಡಿ ಫೋಟೋ ನೋಡಿದಳು, ಮೂಗು ಒರೆಸಿಕೊಂಡಳು. ಚೀಲದಿಂದ ಕಾರ್ಡು ತೆಗೆದು ಕುಂಕುಮ ಹಚ್ಚಿ ಅವನ ಕೈಗಿಟ್ಟಳು. ಇದು ತಮ್ಮನಿಗೆ ಇರಬೇಕೆಂದು ಅವನು ತನ್ನದಕ್ಕೆ ಕಾದ. ಚೀಲದಲ್ಲಿ ದೊಡ್ಡ ಕಟ್ಟೇ ಇತ್ತು. ಅವಳು ಜಿಪ್ಪು ಎಳೆದು, "ಬಸ್ಸು ಹೋಯ್ತದೆ, ಬತ್ತೀನಪ್ಪಾ" ಎಂದು ಎದ್ದಳು.

ಸಂಜೆ ಬಸವರಾಜ ಕಾರ್ಡು ನೋಡಿದ. "ನಿಂದೆಲ್ಲೋ?"

"ನಂಗಿಲ್ಲ ಕಣೋ. ನಿಂಗೊಂದೇ ಕೊಟ್ಟೋದ್ರು."

ಬಸವರಾಜನಿಗೆ ಮೈಯೆಲ್ಲ ಉರಿಯಿತು. "ಊರೋರೆಲ್ಲಾ ನಿಂಗೆ ಕೊಡ್ತಾರೆ, ನನ್ ಒಡಹುಟ್ಟಿದೋಳು ಕೊಡಲ್ವಾ? ನಾನೂ ಹೋಗಲ್ಲ." ಅಂದಿನಿಂದ ಅಕ್ಕನ ಫೋನನ್ನೂ ಎತ್ತಲಿಲ್ಲ. ನಿಶ್ಚಿತಾ ಫೋನಿನಲ್ಲಿ 'ಬರ್ತೀರಲ್ಲ' ಎಂದಾಗಲೆಲ್ಲ ಪದ್ಮನಾಭ 'ಹೂಂ' ಎಂದು ಮಾತು ಬದಲಿಸಿದ.

ಹೋಗೆಂದು ದುಂಬಾಲು ಬಿದ್ದವನು ಪದ್ಮನಾಭನೇ. "ಸೋದರಮಾವ ಇಲ್ದೆ ಆ ಹುಡುಗಿ ಹೇಗೋ ಮಂಟಪಕ್ಕೆ ಬರ್ತಾಳೆ? ಅವಳೇನು ತಪ್ಪು ಮಾಡಿದ್ಲು? ನನ್ನಾಣೆ, ಹೋಗು." ಮದುವೆಯ ಬೆಳಿಗ್ಗೆ ಅವನ ಪಂಚೆಗೆ ತಾನೇ ಇಸ್ತ್ರಿ ಹಾಕಿ, ಬಸ್ಸು ಹತ್ತಿಸಿ, ಅಂಗಡಿ ತೆರೆದು ಕೂತ. ತಂತಿ ಸುತ್ತಿದ. ಕನಸು ಬರಲಿಲ್ಲ. ಹಾಳಾದ್ದು, ಯಾವತ್ತೂ ಕೈಕೊಡದ ಕನಸು ಅಂದು ಹತ್ತಿರ ಸುಳಿಯಲಿಲ್ಲ. ಬರೀ ತಂತಿ, ಬರೀ ವಾರ್ನಿಷ್ ವಾಸನೆ. ಇಷ್ಟು ವರ್ಷ ಬಾಳಿದ್ದೆಲ್ಲ ಕಮಲಾಕ್ಷಮ್ಮನ ಲೆಕ್ಕದಲ್ಲಿ ಒಂದು ಕಾರ್ಡಿಗೂ ಆಗಲಿಲ್ಲವೇ ಎಂದುಕೊಂಡ.

ಫೋನು ಬಂತು. ಕಮಲಾಕ್ಷಮ್ಮ.

"ಏನಪ್ಪಾ, ಎಲ್ಲಿದೀಯಾ ನೀನು?"

"ಅಂಗಡೀಲಿದೀನಿ."

"ಅಂಗಡೀಲಾ! ಇವತ್ತು ಎಂಥಾ ಅಂಗಡಿನೋ ನಿಂದು? ಇಲ್ಲಿ ಇವ್ನು ನೋಡಿದ್ರೆ ಮುಖ ಊದಿಸ್ಕೊಂಡು ಮೂಲೇಲಿ ಕೂತವ್ನೆ, ಬಾಯೇ ಬಿಡ್ತಿಲ್ಲ. ನಾನೇನಂತ ತಿಳ್ಕೊಳ್ಲಿ? ಮನೆ ತಂಕ ಬಂದು ಕರೆದಿಲ್ವಾ ನಿನ್ನ?"

"ಕಾರ್ಡು ಒಂದೇ ಕೊಟ್ರಲ್ಲಕ್ಕಾ," ಎಂದ ಪದ್ಮನಾಭ. "ನಂದು ಕೊಡ್ಲಿಲ್ಲ."

"ಅಯ್ಯೋ ನಿನ್ನ ಮನೆ ಕಾಯ್ವಾಗ! ಒಂದ್ಮನೇಗೆ ಎಷ್ಟಪ್ಪಾ ಕೊಡೋದು? ಗಂಡಂಗೊಂದು, ಹೆಂಡ್ತೀಗೊಂದು ಅಂತ ಎಲ್ಲಾದ್ರೂ ಕೊಡ್ತಾರಾ?"

ಪದ್ಮನಾಭ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟ. ಇಟ್ಟದ್ದು ಅವನಿಗೆ ತಿಳಿಯಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಅಳ್ತಿದೀಯೇನೋ? ಬೈಕ್ ಓಡಿಸ್ಬೇಕಾದ್ರೆ ಅಳ್ಬೇಡ, ಇಲ್ಲಿ ಬಂದು ಅಳು. ಇಬ್ರು ಮಾಮಂದ್ರೂ ಬಂದು ಕೈ ಹಿಡೀದೆ ರೂಮಿಂದ ಏಳಲ್ಲ ಅಂತ ಕೂತವ್ಳೆ ನಿಮ್ ಹುಡುಗಿ. ಬೇಗ ಬಾ."

ಅವನು ವಾರ್ನಿಷ್ ಕಲೆಯ ಅಂಗಿಯಲ್ಲೇ ಎದ್ದು ಶಟರು ಎಳೆದ. ಅಷ್ಟರಲ್ಲಿ ಸಖರಾಯಪಟ್ಟಣದಿಂದ ಮೋಟಾರು ಹೊತ್ತು ತಂದ ಕೆಂಚಪ್ಪ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ, "ಏನ್ರೀ, ಈಗ್ಲೇ ಬಾಗ್ಲು ಹಾಕ್ತಿದೀರಾ?" ಎಂದ.

"ನಮ್ಮನೇಲಿ ಮದುವೆ ಕಣ್ರೀ," ಎಂದ ಪದ್ಮನಾಭ, ಬೀದಿಗೆಲ್ಲ ಕೇಳುವ ಹಾಗೆ.